ಸುಶ್ಮಿತಾಳ ಪಾಲು

ಹನುಮೇಶನಿಗೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದಾಗ ಮೇಡ್ಲೇರಿಯ ಓಣಿಗೆಲ್ಲ ಸಕ್ಕರೆ ಹಂಚಿದವಳು ಅವನ ಅತ್ತಿಗೆ ಸುಶ್ಮಿತಾ. ಶನಿವಾರದೊಳಗೆ ಫೀ ಕಟ್ಟಬೇಕೆಂದು ಗೊತ್ತಾದ ಮೇಲೆ ಮನೆಯ ಗಾಳಿಯೇ ಬದಲಾಯಿತು. ಅವಳು ಪಡಸಾಲೆಗೆ ಬಂದರೆ ಅತ್ತೆ ಹೊಳಿಯವ್ವ, ಮಾವ ಹನುಮಪ್ಪ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು.

ಸುಶ್ಮಿತಾಳ ಗಂಡ ಯುವರಾಜ ನಾಲ್ಕು ವರ್ಷದ ಹಿಂದೆ ಹಾವೇರಿಯಿಂದ ಬೈಕಿನಲ್ಲಿ ಬರುವಾಗ ಲಾರಿ ಬಡಿದು ತೀರಿಕೊಂಡಿದ್ದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ವಿಮೆಯ ಪರಿಹಾರವನ್ನು ಕೋರ್ಟು ಪಾಲು ಮಾಡಿ ಕೊಟ್ಟಿತು. ಹಿರಿಯರ ಪಾಲಿನಲ್ಲಿ ಮನೆಗೆ ಆರ್‌ಸಿಸಿ ತಾರಸಿಯಾಯಿತು, ಹೊಲಕ್ಕೆ ಹೊಸ ಪಂಪು ಬಂತು. ಸುಶ್ಮಿತಾಳ ಪಾಲು ಅವಳ ಹೆಸರಿನಲ್ಲೇ ರಾಣೆಬೆನ್ನೂರಿನ ಬ್ಯಾಂಕಿನಲ್ಲಿ ಠೇವಣಿಯಾಗಿತ್ತು. ಅದರ ಅವಧಿ ಈಗ ಮುಗಿದಿತ್ತು.

ಅವಳು ಅದರ ಬಗ್ಗೆ ಯಾರಿಗೂ ಹೇಳದ ಒಂದು ವಿಚಾರ ಇಟ್ಟುಕೊಂಡಿದ್ದಳು. ತವರು ಕದರಮಂಡಲಗಿಗೆ ಹೋದಾಗ, ಪಿಯುಸಿಯಲ್ಲಿ ಜೊತೆಗಿದ್ದ ಮುಸ್ಕಾನ್ ಸಿಕ್ಕಿದ್ದಳು. ಕೆಲವು ವರ್ಷ ತಡವಾಗಿ ಹಾವೇರಿಯಲ್ಲಿ ನರ್ಸಿಂಗ್ ಸೇರಿದ್ದ ಅವಳು ಸುಶ್ಮಿತಾಳನ್ನು ತನ್ನ ಕಾಲೇಜಿಗೆ ಕರೆದೊಯ್ದು, ಅಲ್ಲೇ ಅರ್ಜಿ ಹಾಕಿಸಿದ್ದಳು. ಸೀಟು ಸಿಕ್ಕಿತ್ತು; ಫೀ ಈ ಠೇವಣಿಯಿಂದಲೇ ಕಟ್ಟುವ ಲೆಕ್ಕವಿತ್ತು. ಹನುಮೇಶನದು ಒಂದು ದಡ ಮುಟ್ಟಲಿ, ಆಮೇಲೆ ಮನೆಯಲ್ಲಿ ಹೇಳಿದರಾಯಿತು ಎಂದು ಅವಳು ಕಾಯುತ್ತಿದ್ದಳು.

ಗುರುವಾರ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಹನುಮಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನಾಳೆ ಬ್ಯಾಂಕಿಗೆ ಹೋಗೂಣವಾ. ನಿಂದೊಂದು ಸಹಿ ಬೇಕು."

"ಯಾವುದಕ್ರಿ ಮಾವಾರ?"

"ಆ ಠೇವಣಿ ಮುಗದೈತೆಲ್ಲಾ. ಹನುಮೇಶನ ಓದಿಗೆ ಹಾಕೂಣು. ನಾಳೆ ಅವ ದುಡಿಯಾಕ ನಿಂತ್ರ ನಿನ್ನ ಕೈ ಬಿಡ್ತಾನೇನು?"

ತನ್ನ ಕಾಲೇಜಿನ ವಿಷಯ ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕಮರಿದ ವಾಸನೆ ಬಂತು, ತಿರುವಿ ಹಾಕಿದಳು. ತಿರುಗಿ ನೋಡುವಷ್ಟರಲ್ಲಿ ಮಾವ ಹೋಗಿಬಿಟ್ಟಿದ್ದ. "ಸೊಸಿ ಹ್ಞೂ ಅಂದ್ಲು" ಎಂದು ಅವನು ಹೊರಗೆ ಹೆಂಡತಿಗೆ ಹೇಳಿದ್ದು ಕೇಳಿಸಿತು.

ಶುಕ್ರವಾರ ನಾಲ್ವರೂ ರಾಣೆಬೆನ್ನೂರಿಗೆ ಬಂದರು. ಬ್ಯಾಂಕಿನ ಮ್ಯಾನೇಜರ್ ಶೀಲಾ ಎಂಬ ಹೆಂಗಸು. ಹನುಮಪ್ಪ ವಿಷಯ ಹೇಳಿದ. ಆಕೆ ಅವನ ಮಾತು ಪೂರ್ತಿ ಕೇಳಿ ಸುಶ್ಮಿತಾಳ ಕಡೆ ತಿರುಗಿದಳು.

"ರೊಕ್ಕ ನಿಮ್ಮ ಹೆಸರಿಗೆ ಐತಿ. ತಗದು ಇವರಿಗೆ ಕೊಡಾಕ ನಿಮ್ಮ ಮನಸ್ಸು ಐತೇನ್ರಿ?"

ಸುಶ್ಮಿತಾ ಪಕ್ಕದಲ್ಲಿದ್ದ ಅತ್ತೆಯ ಕಡೆ ಒಮ್ಮೆ ನೋಡಿದಳು.

"ಇಲ್ರಿ," ಎಂದಳು. ದನಿ ತನಗೇ ಜೋರೆನಿಸಿತು. "ನಾನೂ ಕಾಲೇಜಿಗೆ ಹೊಂಟೇನಿ. ಹಾವೇರ್ಯಾಗ ನರ್ಸಿಂಗ್ ಸೀಟು ಸಿಕ್ಕೈತಿ."

ಹೊಳಿಯವ್ವ ಎದ್ದು ನಿಂತಳು. "ನನ್ನ ಮಗನ ಜೀವ ಹೋಗಿ ಬಂದ ರೊಕ್ಕ ಅದು! ಅವನ ತಮ್ಮಗ ಬ್ಯಾಡಂದ್ರ ಮತ್ಯಾರಿಗೆ?"

"ಅವರು ನಿಮಗ ಮಗ ಆದ್ರ ನನಗ ಗಂಡ ಆಗಿದ್ರು, ಅತ್ತಿ."

ಕೌಂಟರಿನ ಮುಂದೆ ನಿಂತವರು ತಿರುಗಿ ನೋಡಿದರು. ಹನುಮಪ್ಪ ತಲೆ ತಗ್ಗಿಸಿದ. ಇದುವರೆಗೆ ಬಾಗಿಲ ಬಳಿ ಇದ್ದ ಹನುಮೇಶ ಒಳಗೆ ಬಂದ. "ಅಪ್ಪಾ, ಇದು ಅತ್ತಿಗಿ ಪಾಲಾ? ಮನಿ ರೊಕ್ಕ ಅಂದಿದ್ದಿ." ಅವನು ಅತ್ತಿಗೆಯ ಕಡೆ ತಿರುಗಿದ. ಅವನ ಕಣ್ಣುಗಳು ಕೆಂಪಾಗಿದ್ದವು. "ನೀವಾದ್ರೂ ಮೊದಲ ಹೇಳಬೇಕಿತ್ತು, ಅತ್ತಿಗಿ. ನಾಳೆ ಕಡೀ ದಿನ. ನಾ ಈಗ ಎಲ್ಲಿಗೆ ಹೋಗ್ಲಿ?"

ಅತ್ತೆಯ ಕೂಗಿಗಿಂತ ಈ ಮಾತೇ ಅವಳಿಗೆ ಹೆಚ್ಚು ನಾಟಿತು. ಅವನ ಮಾತು ಸುಳ್ಳಾಗಿರಲಿಲ್ಲ.

ಶೀಲಾ ಹನುಮಪ್ಪನನ್ನು ಕೂರಿಸಿ ನೀರು ಕೊಡಿಸಿದಳು. ವಿದ್ಯಾಭ್ಯಾಸದ ಸಾಲ ಕೊಡಲು ಬರುತ್ತದೆ, ಆದರೆ ತಂದೆಯೂ ಸಹಿ ಹಾಕಬೇಕು, ಮಂಜೂರಾಗಲು ಕೆಲವು ವಾರ ಬೇಕು ಎಂದಳು. "ನಾಳೆ ಮೊದಲ ಕಂತು ಕಟ್ಟಿದ್ರ ಸೀಟು ಉಳೀತೈತಿ. ಅಷ್ಟು ಹೊಂದಿಸಾಕ ಆಗ್ತೈತೇನು ನೋಡ್ರಿ."

"ಸಾಲಕ್ಕ ನಾ ಸಹಿ ಹಾಕಂಗಿಲ್ಲ," ಎಂದ ಹನುಮಪ್ಪ. ಅವನು ಈವರೆಗೆ ಯಾರ ಬಳಿಯೂ ಕೈಚಾಚಿದವನಲ್ಲ. ಅದೇ ಅವನ ಹೆಮ್ಮೆಯಾಗಿತ್ತು.

ಆಗ ಸುಶ್ಮಿತಾ ಮ್ಯಾನೇಜರ್‌ಗೆ ಕೇಳಿದಳು. "ಇಷ್ಟು ವರ್ಷದ ಬಡ್ಡಿ ಮೊದಲ ಕಂತಿಗೆ ಸಾಲ್ತೈತೇನ್ರಿ?"

"ಸಾಲ್ತೈತಿ."

"ಅದು ಹನುಮೇಶಗ. ಅಸಲು ಮುಟ್ಟೂದಿಲ್ಲ." ಮಾವನ ಕಡೆ ತಿರುಗಿದಳು. "ಆದ್ರ ಸಾಲಕ್ಕ ನೀವು ಸಹಿ ಹಾಕಬೇಕ್ರಿ, ಮಾವಾರ. ಮುಂದಿನ ವರ್ಷ ನನ್ನ ಕಡೆ ಕೇಳಿದ್ರ ಇರೂದಿಲ್ಲ."

ಹನುಮಪ್ಪ ಮಗನ ಮುಖ ನೋಡಿ ಕೈ ಚಾಚಿದ. "ತಾರಪಾ ಪೆನ್ನು," ಎಂದು ಮಗನಿಗೆ ಹೇಳಿದಾಗ ಅವನ ದನಿ ಒಡೆದಿತ್ತು.

ಬಸ್ಸಿನಲ್ಲಿ ಹೊಳಿಯವ್ವ ದೂರದ ಸೀಟಿನಲ್ಲಿ ಕುಳಿತಳು. ಮನೆಗೆ ಬಂದ ಮೇಲೂ ಮಾತಾಡಲಿಲ್ಲ. ಸುಶ್ಮಿತಾ ತಾಟಿಗೆ ಹಾಕಿಕೊಟ್ಟ ರೊಟ್ಟಿ ಹಾಗೇ ಉಳಿಯಿತು. ಎರಡನೆಯ ದಿನ ಸುಶ್ಮಿತಾಳಿಗೆ ತಡೆಯಲಾಗಲಿಲ್ಲ.

"ಬೈರಿ ಅತ್ತಿ. ಸುಮ್ಮನಿರಬ್ಯಾಡ್ರಿ."

"ಏನಂತ ಬೈಯ್ಲಿ?" ಹೊಳಿಯವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ರೊಕ್ಕ ಹೋದ್ರ ಹೋಗ್ಲಿ. ನೀ ಹೋದ್ರ ಮತ್ತ ಬರ್ತೀಯೇನು? ಕಲಿತಾಕಿ, ಸಣ್ಣಾಕಿ, ಯಾರರೆ ಕೇಳ್ತಾರ, ಮದಿವಿ ಆಗ್ತಿ. ಯುವರಾಜನ ಹೆಸರು ಹೇಳ್ಕೊಂಡು ನನ್ನ ಜೋಡಿ ಕುಂದ್ರಾಕ ಯಾರದಾರ?"

ಬರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ ಎಂದು ಹೇಳಿಬಿಡುವುದು ಸುಲಭವಿತ್ತು.

"ಮುಂದಿಂದು ನನಗ ಗೊತ್ತಿಲ್ಲ ಅತ್ತಿ," ಎಂದಳು ಸುಶ್ಮಿತಾ. "ಸುಳ್ಳು ಹೇಳಿ ಹೋಗಾಕ ಮನಸ್ಸಿಲ್ಲ."

ಹೊಳಿಯವ್ವ ಎದ್ದು ಹಿತ್ತಿಲಿಗೆ ಹೋದಳು.

ಹಾವೇರಿಗೆ ಹೊರಟ ದಿನ ಹನುಮಪ್ಪ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಬಂದ. ಹೊಳಿಯವ್ವ ಬಾಗಿಲಿಗೂ ಬರಲಿಲ್ಲ. ಸುಶ್ಮಿತಾ ಕಿಟಕಿಯ ಬಳಿ ಕುಳಿತು, ಬಸ್ಸು ಊರು ದಾಟುವವರೆಗೆ ಅತ್ತಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹಾಸ್ಟೆಲಿನ ಗೇಟಿಗೆ ಯಾರೋ ಬಂದಿದ್ದಾರೆ ಎಂದು ಮುಸ್ಕಾನ್ ಬಂದು ಹೇಳಿದಳು. ಹೊಳಿಯವ್ವ ಬೇವಿನ ಮರದ ನೆರಳಲ್ಲಿ ಬುತ್ತಿಗಂಟು ಹಿಡಿದು ಒಬ್ಬಳೇ ನಿಂತಿದ್ದಳು. ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸೊರಗೀದಿ. ಇಲ್ಲಿ ಏನು ಉಣ್ಣಾಕ ಹಾಕ್ತಾರ?"

"ಒಬ್ರ ಬಂದ್ರೇನ್ರಿ ಅತ್ತಿ? ಹೇಳಿದ್ರ ನಾ ಬಸ್‌ಸ್ಟ್ಯಾಂಡಿಗೆ ಬರ್ತಿದ್ನೆಲ್ಲಾ."

"ನಿನ್ನ ನೋಡಾಕ ಬಂದಿಲ್ಲ. ಮೊಣಕಾಲು ಭಾಳ ನೋಯಾಕತ್ತೈತಿ. ಇಲ್ಲಿ ದವಾಖಾನ್ಯಾಗ ಚಲೋ ನೋಡ್ತಾರಂತ." ಗಂಟನ್ನು ಸೊಸೆಯ ಕೈಗೆ ಕೊಟ್ಟಳು. "ಎಲ್ಲಿ ಚೀಟಿ ಮಾಡಸ್ತಾರ, ತೋರ್ಸು ಬಾ."

ಸುಶ್ಮಿತಾ ಗಂಟನ್ನು ಮುಸ್ಕಾನ್‌ಗೆ ಕೊಟ್ಟು, ಅತ್ತೆಯ ರಟ್ಟೆ ಹಿಡಿದುಕೊಂಡಳು. ಹೊಳಿಯವ್ವ ಬಿಡಿಸಿಕೊಳ್ಳಲಿಲ್ಲ.