ಎಡಗಡೆಯ ಬಟನ್

ನೋಟುಪುಸ್ತಕ ತಯಾರಿಸುವ ಆ ಶೆಡ್ಡಿನಲ್ಲಿ ಭಾವನಷ್ಟು ಬುದ್ಧಿವಂತರು ಇನ್ನೊಬ್ಬರಿರಲಿಲ್ಲ. ಇದು ಭಾವನೇ ಹೇಳುತ್ತಿದ್ದ ಮಾತು. ಕಾಗದದ ಕಟ್ಟು ಕತ್ತರಿಸುವ ಯಂತ್ರ ಅವನ ಕೈಯಲ್ಲಿತ್ತು. ಬ್ಲೇಡ್ ಇಳಿಯಬೇಕಾದರೆ ಎರಡು ಬಟನ್‌ಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಬೇಕು. ಕೈಗಳು ಬಟನ್ ಮೇಲಿದ್ದರೆ ಬ್ಲೇಡಿನ ಕೆಳಗಿರಲಾರವು, ಅಷ್ಟೆ. ಯಂತ್ರ ಮಾಡಿದವನ ಬುದ್ಧಿ ಸಾಲದೆಂದು ಭಾವ ಎಡಗಡೆಯ ಬಟನ್ ಸಂದಿಗೆ ರಟ್ಟಿನ ಚೂರು ತುರುಕಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದ. ಎಡಗೈ ಟೀ ಲೋಟಕ್ಕೆ ಬೇಕಿತ್ತು.

ಕಟ್ಟನ್ನು ಬ್ಲೇಡಿನಡಿ ತಳ್ಳಿ ಅಂಚು ಸರಿಮಾಡುವ ಕೆಲಸ ಅವನ ನಾದಿನಿಯದು. ಹೋದ ವಾರ ಬ್ಲೇಡು ಅವಳ ಉಗುರಿನ ತುದಿ ಸವರಿಕೊಂಡು ಹೋಗಿತ್ತು. "ಉಗುರು ಕತ್ತರಿಸಿದ್ದಕ್ಕೆ ಕೂಲಿ ಕೇಳಲ್ಲ ಬಿಡು," ಎಂದು ಭಾವ ಹಲ್ಲು ಕಿರಿದಿದ್ದ. ಅವಳು ಮುಂದಿನ ಕಟ್ಟು ತಳ್ಳಿದ್ದಳು. ಅವಳ ಬಾಯಿ ಗಟ್ಟಿಯಿಲ್ಲವೆಂದೇ ಅವನು ಅವಳನ್ನು ಈ ಕೆಲಸಕ್ಕೆ ಹಾಕಿಸಿದ್ದ.

ಊಟವಾದ ಮೇಲೆ ಅವನು ಶೆಡ್ಡಿನ ಹಿಂದೆ ಹೋಗಿ ಗಾಂಜಾ ಸೇದುತ್ತಿದ್ದ. "ಕುಡಿದ್ರೆ ಕೈ ನಡುಗುತ್ತೆ. ಸೊಪ್ಪು ಸೇದಿದ್ರೆ ಕಣ್ಣು ಇನ್ನೂ ಚುರುಕಾಗುತ್ತೆ." ಆ ಚುರುಕು ಕಣ್ಣು ಮೊನ್ನೆ ಇನ್ನೂರು ಪುಸ್ತಕಗಳ ಬೆನ್ನನ್ನೇ ಕತ್ತರಿಸಿ, ಹಾಳೆಗಳನ್ನೆಲ್ಲ ಬಿಡಿಬಿಡಿಯಾಗಿ ಉದುರಿಸಿತ್ತು. ತಪ್ಪು ಮಾತ್ರ ಹೊಲಿಗೆ ದಾರದ್ದಂತೆ.

ಇವತ್ತು ಅವನು ಅತ್ತ ಹೋದದ್ದೇ ತಡ, ಅವಳು ಸ್ವಿಚ್ ಆರಿಸಿ, ಹೊಲಿಗೆಯ ಸೂಜಿಯಿಂದ ಆ ರಟ್ಟಿನ ಚೂರನ್ನು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು. ಮತ್ತೆ ಸ್ವಿಚ್ ಹಾಕಿದಳು.

ಭಾವ ಬಂದ. ಕಣ್ಣು ಕೆಂಪಗೆ, ಮುಖದಲ್ಲಿ ಜಗತ್ತನ್ನೆಲ್ಲ ಕ್ಷಮಿಸಿಬಿಟ್ಟವನ ನಗು.

"ಏನೇ ಮೂಕಿ, ಕಟ್ಟು ಸೊಟ್ಟಗಿದೆಯಲ್ಲೇ. ಕೈ ಹಾಕಿ ಸರಿಮಾಡು."

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. "ನೀವು ಸೇದಿ ಬಂದಾಗ ನಾನು ಕೈ ಹಾಕಲ್ಲ, ಭಾವ."

"ಓಹೋ, ಮಹಾರಾಣಿಗೆ ಭಯ! ನೋಡಿ ಕಲ್ತುಕೋ."

ತಾನೇ ಎಡಗೈ ತೂರಿಸಿ ಅಂಚು ತಟ್ಟತೊಡಗಿದ. ತಟ್ಟುತ್ತ ತಟ್ಟುತ್ತ ಆ ಕೈ ಅಲ್ಲಿರುವುದನ್ನೇ ಮರೆತು, ಬಲಗೈಯಿಂದ ಬಟನ್ ಒತ್ತಿದ. ಕೂಗಲು ತೆರೆದ ಅವಳ ಬಾಯಿ, ಮುಷ್ಟಿಯೊಳಗಿನ ಚೂರು ಚುಚ್ಚಿದಾಗ ಮುಚ್ಚಿಕೊಂಡಿತು. ಬ್ಲೇಡ್ ಅಲುಗಲಿಲ್ಲ. ಅವನು ಮತ್ತೆ ಒತ್ತಿದ.

"ದರಿದ್ರ ಮಿಷಿನ್ನು! ತಲೆ ಅನ್ನೋದೇ ಇಲ್ಲ ಇದಕ್ಕೆ!" ಮೂರನೆಯ ಸಲ ಗುದ್ದಿದ.

"ಭಾವ, ಎಡಗೈ ಎಲ್ಲಿದೆ ನೋಡಿ."

ನೋಡಲು ಅವನಿಗೆ ಬಹಳ ಹೊತ್ತು ಹಿಡಿಯಿತು. ದೃಷ್ಟಿ ತೋಳಿನಗುಂಟ ತೆವಳಿ ಇಳಿದು, ಬ್ಲೇಡಿನಡಿ ಸಾಲಾಗಿ ಮಲಗಿದ್ದ ನಾಲ್ಕು ಬೆರಳುಗಳನ್ನು ತಲುಪಿತು. ಹಾವು ಕಂಡವನಂತೆ ಕೈ ಕಿತ್ತುಕೊಂಡ.

ಅವಳು ಮುಷ್ಟಿ ಬಿಚ್ಚಿ ತೋರಿಸಿದಳು. "ಇದು ಅಲ್ಲೇ ಇದ್ದಿದ್ರೆ, ನಿಮ್ಮ ಚುರುಕು ಕಣ್ಣು ಈಗ ನೆಲದ ಮೇಲೆ ಬೆರಳು ಹುಡುಕ್ತಿತ್ತು."

"ನಿಮ್ಮಕ್ಕಂಗೆ ಹೇಳ್ಬೇಡ ಕಣೇ," ಎಂದ ಬುದ್ಧಿವಂತ, ಕೈಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು.

"ಅಕ್ಕಂಗೆ ಹೇಳಲ್ಲ," ಎಂದು ಅವಳು, ಚೂರನ್ನು ಹಿಡಿದೇ ಹೋಗಿ, ಮಾಲೀಕರ ಕೋಣೆಯ ಬಾಗಿಲು ತಟ್ಟಿದಳು.