ಲವಂಗ ಹಾಕದ ಬಿಯರ್

ಅಮ್ಮ ಎಂದೂ ಯಾರ ಬಾಯನ್ನೂ ನೇರವಾಗಿ ಮೂಸಿ ನೋಡಿದವಳಲ್ಲ. ಬಾಗಿಲು ತೆಗೆದು, ಅಡ್ಡ ನಿಂತು, ಉದ್ದನೆಯ ಉತ್ತರ ಬೇಕಾಗುವಂಥ ಪ್ರಶ್ನೆಯೊಂದನ್ನು ಕೇಳುತ್ತಿದ್ದಳು, ಅಷ್ಟೆ. "ಬಸ್ಸಲ್ಲಿ ಜನ ಇದ್ರಾ? ಯಾಕಿಷ್ಟು ಹೊತ್ತಾಯ್ತು?" ಉತ್ತರ ಮುಗಿಯುವಷ್ಟರಲ್ಲಿ ಅವಳಿಗೆ ಬೇಕಾದ್ದು ಗೊತ್ತಾಗಿರುತ್ತಿತ್ತು. ಅಪ್ಪ ಬದುಕಿದ್ದಷ್ಟು ಕಾಲ ಈ ವಿಚಾರಣೆ ಅಪ್ಪನಿಗೆ ನಡೆಯುತ್ತಿತ್ತು. ಅವನು ಕುಡಿದು ಕುಡಿದೇ ಹೋದ. ಆಮೇಲೆ ಆ ಪ್ರಶ್ನೆಗಳು ಮಗಳ ಪಾಲಿಗೆ ಬಂದವು. ಅಮ್ಮನಿಗೆ ಮಗಳ ಮೇಲೆ ಅನುಮಾನವೇನೂ ಇರಲಿಲ್ಲ. ಮೂಗಿಗೆ ಹತ್ತಿದ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ?

ಮಗಳು ದೊಡ್ಡದೊಂದು ರೆಸ್ಟೋರೆಂಟಿನ ಗಲ್ಲಾದಲ್ಲಿ ಬಿಲ್ ಹಾಕುವವಳು. ಇಷ್ಟು ವರ್ಷ ಅಮ್ಮನಿಗೆ ಮುಖ ಕೊಟ್ಟೇ ಉತ್ತರ ಹೇಳಿದವಳು, ಈಗ ಕೆಲವು ವಾರಗಳಿಂದ ಚಪ್ಪಲಿಯ ಪಟ್ಟಿ ಬಿಚ್ಚುವ ನೆಪದಲ್ಲಿ ನೆಲ ನೋಡಿಕೊಂಡು ಹೇಳತೊಡಗಿದ್ದಳು.

ಆದದ್ದಿಷ್ಟು. ರೆಸ್ಟೋರೆಂಟಿನ ಮಾಲೀಕರಿಗೆ ಎಲ್ಲಿಗೋ ಪ್ರವಾಸ ಹೋಗಿ ಬಂದಮೇಲೆ ಬೆಲ್ಜಿಯಂ ಬಿಯರಿನ ಹುಚ್ಚು ಹತ್ತಿತು. ಕೆಳಗಿನ ಹಾಲ್ ಒಡೆಸಿ, ಗೋಡೆಯುದ್ದಕ್ಕೂ ಗಾಜಿನ ಲೋಟಗಳ ಕಪಾಟು ಮಾಡಿಸಿ, ಬರೀ ಅದಕ್ಕೇ ಒಂದು ಕೌಂಟರ್ ತೆರೆಯುವುದೆಂದು ತೀರ್ಮಾನಿಸಿದರು. ಮ್ಯಾನೇಜರ್ ಅವಳನ್ನು ಕರೆದು ಸುತ್ತುಬಳಸಿಲ್ಲದೆ ಹೇಳಿದರು: "ನೋಡಮ್ಮ, ಬಿಲ್ ಹಾಕೋ ಕೆಲಸ ಇನ್ಮೇಲೆ ಮೆಷಿನ್ ಮಾಡುತ್ತೆ. ಬಿಯರ್ ಬಗ್ಗೆ ಕಲಿತ್ರೆ ಹೊಸ ಕೌಂಟರಲ್ಲಿ ಜಾಗ ಇದೆ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ." ಮನೆ ನಡೆಯುವುದು ಅವಳ ಸಂಬಳದಲ್ಲಿ. ತಲೆಯಾಡಿಸಿ ಬಂದಳು. ಮನೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ.

ಕಲಿಸುವುದಕ್ಕೆ ಬಂದವರು ಒಬ್ಬ ದಢೂತಿ ಆಸಾಮಿ. ಎರಡು ಬೆರಳು ನೊರೆ ನಿಲ್ಲದ ಲೋಟವನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಾಗಿ ಎರಡನೇ ದಿನಕ್ಕೇ ಎಲ್ಲರ ಬಾಯಲ್ಲಿ ಅವರು ನೊರೆ ಮೇಷ್ಟ್ರು ಆದರು. ಒಂದೊಂದು ಬಿಯರಿಗೂ ಅದರದೇ ಲೋಟ, ಬಾಟಲಿನ ತಳದ ಗಸಿ ಅಲುಗದ ಹಾಗೆ ಬಗ್ಗಿಸಬೇಕು, ಅತಿ ತಣ್ಣಗಿದ್ದರೆ ವಾಸನೆ ಅಡಗಿ ಕೂರುತ್ತದೆ, ಹೀಗೆ ಅವರ ಪಾಠ. ಅವಳು ಮೊದಲ ದಿನವೇ ಉಗಿಯುವುದಕ್ಕೆಂದು ಒಂದು ಬಟ್ಟಲು ತಂದಿಟ್ಟುಕೊಂಡಿದ್ದಳು. ಮೇಷ್ಟ್ರು ಅದನ್ನು ಎತ್ತಿ ಆಚೆ ಇಟ್ಟರು.

"ಉಗಿಯೋದು ವೈನ್ ಕುಡಿಯೋರು. ಇದನ್ನ ನುಂಗ್ಬೇಕು. ಕಹಿ ತಿಳಿಯೋದು ನಾಲಿಗೆ ಬುಡದಲ್ಲಿ, ಗಂಟಲಿಗೆ ಇಳಿದಾಗ. ಒಂದೇ ಗುಟುಕು, ಭಯಪಡ್ಬೇಡಿ."

ಮೇಷ್ಟ್ರಿಗೇನು, ಸಲೀಸಾಗಿ ಹೇಳಿಬಿಟ್ಟರು.

ಹೊಂಬಣ್ಣದ ಒಂದು ಬಿಯರನ್ನು ಬಗ್ಗಿಸಿ, "ಇದರಲ್ಲಿ ಯಾವ ಮಸಾಲೆ ಇದೆ, ಹೇಳಿ ನೋಡೋಣ" ಎಂದರು. ಉಳಿದವರು ಲೋಟದೊಳಗೆ ಮೂಗು ತೂರಿಸಿ ತಡಕಾಡುತ್ತಿದ್ದರು. ಅವಳ ಲೋಟ ಇನ್ನೂ ತುಟಿಗೂ ತಾಗಿರಲಿಲ್ಲ.

"ಲವಂಗ" ಎಂದಳು.

ಮೇಷ್ಟ್ರು ಹಿಗ್ಗಿ ಹೀರೆಕಾಯಿಯಾದರು. "ಭೇಷ್! ಆದ್ರೆ ಇದಕ್ಕೆ ಲವಂಗ ಹಾಕೇ ಇಲ್ಲ ಕಣಮ್ಮಾ. ಎಲ್ಲಾ ಯೀಸ್ಟ್ ಮಾಡೋ ಚಮತ್ಕಾರ. ಎಷ್ಟೋ ಜನಕ್ಕೆ ತಿಂಗಳಾದ್ರೂ ಸಿಗದ ವಾಸನೆ, ನಿಮಗೆ ಹೇಗೆ ಸಿಕ್ತು?"

ಹೇಗೆ ಸಿಕ್ಕಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ ಮನೆಗೆ ಬಂದವನೇ ಬಗ್ಗಿ ಅವಳ ಹೊದಿಕೆ ಸರಿಮಾಡುತ್ತಿದ್ದ. ಆಗ ಬರುತ್ತಿದ್ದದ್ದು ಇದೇ ವಾಸನೆ, ಬಿಯರು ಮತ್ತು ಲವಂಗ. ಅದು ಏನೆಂದು ತಿಳಿಯದ ವಯಸ್ಸಿನಲ್ಲಿ ಅವಳಿಗೆ ಅದೆಂದರೆ ಪ್ರಾಣವಾಗಿತ್ತು. ಈಗ ಇಷ್ಟು ಜನರ ಮುಂದೆ ಆ ವಾಸನೆ ಮತ್ತೆ ಮೂಗಿಗೆ ಬಡಿದು, ಅಪ್ಪನ ಮೇಲಿನ ಅಕ್ಕರೆಯೂ ಹೆದರಿಕೆಯೂ ಒಟ್ಟಿಗೇ ನುಗ್ಗಿ ಬಂದವು. ಗುಟುಕನ್ನು ಕಣ್ಣುಮುಚ್ಚಿ ನುಂಗಿದಳು. ಕಹಿ ಎನ್ನಿಸಿತು. ಸದ್ಯ, ಬದುಕಿದೆ ಅಂದುಕೊಂಡಳು.

ಆ ಕಹಿ ಹೆಚ್ಚು ದಿನ ಅವಳ ಪಕ್ಷದಲ್ಲಿ ನಿಲ್ಲಲಿಲ್ಲ. ಹುಳಿ ಬಿಯರೊಂದನ್ನು ಮೊದಲ ಸಲ ಬಾಯಿಗಿಟ್ಟಾಗ "ಇದು ಹಾಳಾಗಿದೆ ಸಾರ್" ಎಂದು ದೂರಿದ್ದಳು. ಗಾಳಿಯಲ್ಲಿ ಓಡಾಡುವ ಯೀಸ್ಟೇ ತಾನಾಗಿ ಬಂದು ಕೂತು ಹುದುಗಿಸಿದ್ದು, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿದ್ದು ಎಂದು ಮೇಷ್ಟ್ರು ವಿವರಿಸಿದ ಮೇಲೂ ಮುಖ ಸಿಂಡರಿಸಿದ್ದಳು. ವಾರ ಕಳೆಯುವಷ್ಟರಲ್ಲಿ ಅದನ್ನೇ ಇನ್ನೊಂದು ಗುಟುಕು ಕೇಳಿ ಹಾಕಿಸಿಕೊಂಡಳು. ಕಪ್ಪು ಬಿಯರನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿದರೆ, ಮೊದಲು ಸುಟ್ಟ ಸಕ್ಕರೆ, ಅದರ ಹಿಂದೆ ಒಣದ್ರಾಕ್ಷಿ ಮೆಲ್ಲಗೆ ಹೊರಬರುತ್ತಿದ್ದವು. ಅವು ಬರುವುದನ್ನು ಅವಳು ಲೋಟಕ್ಕೆ ಮೂಗಿಟ್ಟು ಕಾಯುತ್ತಿದ್ದಳು. ಕೆಲಸವೆಂದು ಮಾಡುತ್ತಿದ್ದೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದ್ದೂ ಹೇಳಿದ್ದೇ. ಮನಸ್ಸು ನಂಬಬೇಕಲ್ಲ!

ಒಂದು ರಜಾದಿನ ಒಗೆದ ಬಟ್ಟೆ ಮಡಚುತ್ತ ಕೂತಿದ್ದಳು. ಎದುರಿಗೆ ಬಿಯರೂ ಇಲ್ಲ, ಲೋಟವೂ ಇಲ್ಲ, ಆದರೂ ಆ ಕಪ್ಪು ಬಿಯರಿನ ನೆನಪಾಗಿ ಬಾಯಲ್ಲಿ ನೀರೂರಿತು. ಮಡಚುತ್ತಿದ್ದ ಟವೆಲ್ ಕೈಯಲ್ಲೇ ನಿಂತಿತು. ಶುರುವಾಯಿತು, ನನಗೂ ಶುರುವಾಯಿತು ಅಂದುಕೊಂಡಳು. ಅಪ್ಪನಿಗೂ ಮೊದಲು ಹೀಗೇ ಆಗಿತ್ತೇ ಎಂದು ಕೇಳೋಣವೆಂದರೆ, ಹೇಳಬಲ್ಲವಳು ಅಮ್ಮ ಒಬ್ಬಳೇ, ಅವಳು ಪಕ್ಕದಲ್ಲೇ ಕೂತು ದಿಂಬಿನ ಕವರಿಗೆ ಗುಂಡಿ ಹಚ್ಚುತ್ತಿದ್ದಳು. ಮಗಳು ಟವೆಲ್ ಮಡಚಿಟ್ಟು ಇನ್ನೊಂದು ಬಟ್ಟೆ ತೆಗೆದುಕೊಂಡಳು.

ಅದೇ ವಾರ ಮಾಲೀಕರು ಬಂದು ಕೌಂಟರಿಗೆ ಮುಖ್ಯಸ್ಥರನ್ನು ಆರಿಸುತ್ತಾರೆಂದು ಸುದ್ದಿಯಾಯಿತು. ಎಲ್ಲರ ಬಾಯಲ್ಲೂ ಅವಳ ಹೆಸರೇ. ಮಾಲೀಕರು ಬರುವ ಹಿಂದಿನ ದಿನ ಮೇಷ್ಟ್ರು ಎಲ್ಲ ಬಿಯರುಗಳನ್ನೂ ಒಂದು ಸುತ್ತು ಮತ್ತೆ ಕುಡಿಸಿ ನೋಡಿದರು. ಗುಟುಕು ಗುಟುಕೇ ಆದರೂ ಎಲ್ಲ ಸೇರಿ ಕಿವಿ ಬಿಸಿಯಾಗಿತ್ತು. ಮನೆಗೆ ಹೊರಡುವಾಗ ಹೆದರಿಕೆಗೆ ರೆಸ್ಟೋರೆಂಟಿನ ಅಡುಗೆಮನೆಯ ಮಸಾಲೆ ಡಬ್ಬಿಯಿಂದ ಕೈಗೆ ಸಿಕ್ಕಿದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಅಗಿಯುತ್ತ ನಡೆದಳು. ಏನು ಸಿಕ್ಕಿತೆಂದು ನೋಡುವಷ್ಟೂ ಜ್ಞಾನವಿರಲಿಲ್ಲ, ಅಷ್ಟೂ ಬಿಯರು ಕುಡಿದ ನಾಲಿಗೆಗೆ ರುಚಿಯೂ ಹತ್ತಲಿಲ್ಲ.

ಅಮ್ಮ ಬಾಗಿಲು ತೆಗೆದಳು. "ಮಳೆ ಬರೋ ಹಾಗಿದ್ಯಾ ಆಚೆ? ಬಟ್ಟೆ ಒಳಗೆ ತರ್ಲಾ?"

"ಇಲ್ಲಮ್ಮ, ಮೋಡ ಇದೆ ಅಷ್ಟೆ" ಎಂದಳು, ಚಪ್ಪಲಿಯ ಕಡೆ ಬಗ್ಗಿ.

ಅಮ್ಮ ಜಾಗ ಬಿಡಲಿಲ್ಲ. "ಲವಂಗ ಯಾಕೆ ಹಾಕ್ಕೊಂಡಿದೀಯ?"

"ಹಲ್ಲುನೋವು."

ಬಾಯಿಂದ ತಾನಾಗಿ ಬಂದ ಸುಳ್ಳು. ತಲೆಯೆತ್ತಿದಾಗ ಅಮ್ಮನ ಮುಖ ಬಿಳಿಚಿಕೊಂಡಿತ್ತು.

"ನಿಮ್ಮಪ್ಪಂಗೂ ಸಾಯೋವರೆಗೂ ಹಲ್ಲುನೋವಿತ್ತು" ಎಂದಳು ಅಮ್ಮ. "ಹೋಗೋವಾಗ ನೋಡಿದ್ರೆ ಒಂದು ಹಲ್ಲೂ ಅಲ್ಲಾಡ್ತಿರ್ಲಿಲ್ಲ."

ಮಗಳು ಅಲ್ಲೇ ಹೊಸ್ತಿಲ ಮೇಲೆ, ಒಂದು ಕಾಲಲ್ಲಿ ಚಪ್ಪಲಿ ಇದ್ದ ಹಾಗೇ ಕೂತುಬಿಟ್ಟಳು. ಮೆಷಿನ್ ಬರುವುದು, ಹೊಸ ಕೌಂಟರು, ನೊರೆ ಮೇಷ್ಟ್ರು, ನುಂಗಲೇಬೇಕಾದ ಗುಟುಕು, ಒಂದನ್ನೂ ಬಿಡದೆ ಬಡಬಡನೆ ಹೇಳಿಬಿಟ್ಟಳು. ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಕೆಲಸ ಅಂದ್ಮೇಲೆ ಕೆಲಸ. ಅದಕ್ಯಾಕೆ ಈ ಸುಳ್ಳು?" ಎಂದು ಕೇಳಿದಳು.

"ಯಾಕಂದ್ರೆ ನಂಗೆ ಅದು ಇಷ್ಟ ಆಗ್ತಿದೆ ಅಮ್ಮ." ಕಾಲಲ್ಲಿ ಉಳಿದಿದ್ದ ಚಪ್ಪಲಿಯನ್ನು ಬಿಚ್ಚಿ ಪಕ್ಕಕ್ಕಿಟ್ಟಳು. "ಒಂದೊಂದರ ರುಚಿ ಒಂದೊಂದು ಥರ. ಮನೇಲಿದ್ದಾಗ್ಲೂ ನೆನಪಾಗುತ್ತೆ. ನಂಗೆ ತುಂಬಾ ಭಯ ಆಗ್ತಿದೆ."

ಅಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು. "ನಾಳೆಯಿಂದ ಮುಟ್ಬೇಡ ಅಂದ್ರೆ ಬಿಟ್ಬಿಡೋಕಾಗುತ್ತಾ ನಿಂಗೆ?"

ಆಗುತ್ತೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದ್ದರೆ ಆ ಸಂಜೆಗೆ ಇಬ್ಬರಿಗೂ ನೆಮ್ಮದಿ. ನಿಜವೇ ಎಂದು ತನ್ನೊಳಗೆ ಹುಡುಕಿದಳು. ಎಷ್ಟು ಹುಡುಕಿದರೂ ಖಾತ್ರಿ ಸಿಗಲಿಲ್ಲ.

"ಗೊತ್ತಿಲ್ಲಮ್ಮ" ಎಂದಳು.

ಅಮ್ಮ ಕಣ್ಣುಮುಚ್ಚಿದಳು. ಈಗ ಅಮ್ಮನ ಎದೆ ಒಡೆಯಿತು, ನಾನೇ ಒಡೆದೆ ಅಂದುಕೊಂಡಳು ಮಗಳು. ಅಷ್ಟರಲ್ಲಿ ಅಮ್ಮನ ಕೈ ಬಂದು ಅವಳ ಮಣಿಕಟ್ಟನ್ನು ನೋಯುವಷ್ಟು ಬಿಗಿಯಾಗಿ ಹಿಡಿಯಿತು.

"ಕೇಳಿದಾಗೆಲ್ಲ ನಿಮ್ಮಪ್ಪ ತಕ್ಷಣ ಹೇಳಿಬಿಡ್ತಿದ್ರು, ಈಗ್ಲೇ ಬಿಟ್ಟೆ ಅಂತ" ಎಂದಳು. "ಗೊತ್ತಿಲ್ಲ ಅಂತ ಒಂದ್ಸಲ ಅಂದಿದ್ರೆ, ನಾನೂ ಜೊತೆಗೆ ಕೂತು ಏನಾದ್ರೂ ದಾರಿ ನೋಡ್ತಿದ್ದೆ."