ಆರನೆಯ ಓಟ

ಬಾಯಲ್ಲಿದ್ದ, ಉಸಿರು ಸೋಸುವ ನಳಿಕೆಯನ್ನು ಕಿತ್ತೆಸೆದು ಎಂಜಿನಿಯರ್ ಬ್ರೋಡರ್ಸನ್ ಎದ್ದು ನಿಂತ. ಎದ್ದದ್ದೇ ತಪ್ಪು. ತಳ ಸೇರಿದ ಜಲಾಂತರ್ಗಾಮಿಯಲ್ಲಿ ಮಲಗಿಯೇ ಇರಬೇಕು, ಮಾತಾಡಬಾರದು, ಗಾಳಿ ಉಳಿಸಬೇಕು ಎಂಬುದು ನಿಯಮ. ನಲವತ್ತಾರು ಮಂದಿ ಜರ್ಮನ್ ನಾವಿಕರು ಹದಿನೆಂಟು ಗಂಟೆಯಿಂದ ಹಾಗೇ ಬಿದ್ದುಕೊಂಡಿದ್ದರು. ಇಂಗ್ಲಿಷರ ಬಾಂಬುಗಳಿಗೆ ಹಿಂಭಾಗದಲ್ಲಿ ನೀರು ನುಗ್ಗಿ, ಬಾಲ ಬಿಸ್ಕೆ ಕೊಲ್ಲಿಯ ಹೂಳಿನಲ್ಲಿ ಹೂತುಹೋಗಿತ್ತು. ನುಗ್ಗಿದ ನೀರನ್ನೇನೋ ಹೊರಹಾಕಿದ್ದಾಯಿತು. ಹೂಳು ಬಿಡಬೇಕಲ್ಲ.

"ಮಲಗಿ, ಬ್ರೋಡರ್ಸನ್," ಎಂದ ಕಪ್ತಾನ ರೇವಿಂಕೆಲ್. ವಯಸ್ಸು ಇಪ್ಪತ್ನಾಲ್ಕು, ನಿಯಮಗಳೆಲ್ಲ ಬಾಯಿಪಾಠ. "ಕತ್ತಲಾಗಲಿ, ಆಮೇಲೆ ನೋಡೋಣ."

"ಕತ್ತಲಾಗೋಕೆ ಇನ್ನೂ ಏಳು ಗಂಟೆ ಇದೆ ಕಪ್ತಾನರೇ. ಗಾಳಿ ಇರೋದು ಮೂರು ಗಂಟೆಗೆ. ಮೇಲಿದ್ದ ಇಂಗ್ಲಿಷರ ಹಡಗು ಹೋಗಿ ಯಾವ ಕಾಲ ಆಯ್ತು. ಯಾರಿಗೆ ಹೆದರಿ ಬಿದ್ಕೊಂಡಿದ್ದೀವಿ?"

"ಇದು ಆಜ್ಞೆ. ಸಾಯೋದಾದ್ರೆ ಶಿಸ್ತಿನಿಂದ ಸಾಯೋಣ."

ಶಿಸ್ತಂತೆ. ಬ್ರೋಡರ್ಸನ್‌ಗೆ ಮೈಯೆಲ್ಲ ಉರಿದುಹೋಯಿತು. "ನನಗೆ ಸಾಯೋಕೆ ಪುರುಸೊತ್ತಿಲ್ಲ," ಎಂದವನೇ ಒಬ್ಬೊಬ್ಬರನ್ನೇ ತಟ್ಟಿ ಎಬ್ಬಿಸಿದ. "ಏಳ್ರೋ. ಮುಂದಕ್ಕೊಂದ್ಸಲ, ಹಿಂದಕ್ಕೊಂದ್ಸಲ, ಎಲ್ಲಾ ಒಟ್ಟಿಗೆ ಓಡ್ಬೇಕು. ನಮ್ಮ ಭಾರದಿಂದಲೇ ಇದನ್ನ ಅಲ್ಲಾಡಿಸಿ ಕೀಳೋಣ."

"ಓಡಿದ್ರೆ ಇರೋ ಗಾಳಿನೂ ಮುಗಿದುಹೋಗುತ್ತಲ್ಲಣ್ಣ," ಎಂದ ಅಡುಗೆಯ ಓನ್ನೊ, ನೂರು ಕಿಲೋದ ಆಳು.

"ಓಟ ಹತ್ತೇ ನಿಮಿಷಕ್ಕೆ ಮುಗಿಯುತ್ತೆ. ಇಷ್ಟು ದಿನ ನಮ್ಮ ಪಾಲಿನ ಬೆಣ್ಣೆ ತಿಂದಿದ್ದೀಯಲ್ಲ, ಇವತ್ತಾದ್ರೂ ಅದು ಕೆಲಸಕ್ಕೆ ಬರಲಿ."

ಯಾರೋ ನಕ್ಕರು. ಕಪ್ತಾನ ಪಿಸ್ತೂಲಿನ ಮೇಲೆ ಕೈಯಿಟ್ಟ. ಯಾರೂ ಅತ್ತ ನೋಡಲಿಲ್ಲ.

ಕಿರಿದಾದ ಬಾಗಿಲುಗಳಲ್ಲಿ ತಲೆ ಬಗ್ಗಿಸಿ, ಒಬ್ಬರ ಬೆನ್ನ ಮೇಲೊಬ್ಬರು ಬಿದ್ದು ಓಡಿದರು. ತಳ್ಳಾಟಕ್ಕೆ ಸಿಕ್ಕಿ ಕಪ್ತಾನನೂ ಓಡಬೇಕಾಯಿತು. ಮೂರನೇ ಓಟಕ್ಕೆ ಇಬ್ಬರು ಕುಸಿದರು. ಓನ್ನೊ ಒಬ್ಬನನ್ನು ಹೆಗಲಿಗೆ ಹಾಕಿಕೊಂಡು, "ಭಾರ ತಾನೇ ಬೇಕಾಗಿರೋದು," ಎಂದು ಏದುಸಿರು ಬಿಡುತ್ತ ಮತ್ತೆ ಓಡಿದ. ಐದನೆಯದಕ್ಕೆ ಉಕ್ಕು ನರಳಿತು. ಆರನೆಯದಕ್ಕೆ ಬಾಲ ಹೂಳಿನಿಂದ ಕಿತ್ತುಕೊಂಡಿತು. ಮೇಲೇರಲೆಂದೇ ಕಾದಿಟ್ಟಿದ್ದ ಒತ್ತಡದ ಗಾಳಿಯನ್ನೆಲ್ಲ ಬ್ರೋಡರ್ಸನ್ ನೀರು ತುಂಬಿದ ತೊಟ್ಟಿಗಳಿಗೆ ಬಿಟ್ಟ; ಜಲಾಂತರ್ಗಾಮಿ ಮೇಲೇರಿತು.

ಮೇಲೆ ಹಾಡುಹಗಲು. ಕಣ್ಣು ಹಾಯಿಸಿದಷ್ಟು ದೂರ ಬರೀ ನೀರು, ಒಂದು ಹಡಗೂ ಇಲ್ಲ. ಡೀಸೆಲ್ ಎಂಜಿನ್ನುಗಳು ಶುರುವಾದವು.

"ನೀವು ಆಜ್ಞೆ ಮೀರಿದ್ದನ್ನ ನಾನು ಬರೀಲೇಬೇಕು," ಎಂದ ರೇವಿಂಕೆಲ್, ದಿನಚರಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು.

"ಧಾರಾಳವಾಗಿ ಬರೀರಿ. ಬರೆಯೋಕೆ ಈಗ ಉಸಿರಿದೆಯಲ್ಲ."

ಕಪ್ತಾನ ಪೆನ್ಸಿಲ್ ತೆಗೆದ. ಮೇಲಿನ ಬಾಗಿಲಿನಿಂದ ರಭಸವಾಗಿ ಇಳಿಯುತ್ತಿದ್ದ ಗಾಳಿ ಪುಟಗಳನ್ನು ಮಗುಚುತ್ತಲೇ ಇತ್ತು. ಅವನು ಅವನ್ನು ಒತ್ತಿ ಹಿಡಿಯದೆ, ಬಾಯಿ ತೆರೆದು ಉಸಿರೆಳೆಯುತ್ತ ಕೂತಿದ್ದ.